ಓಲೆ, ಕಲ್ಲು, ನೆಲ: ವಚನಾಭ್ಯಾಸದ ಮೂರು ಸಾಕ್ಷಿಗಳು

ವಚನಗಳನ್ನು ಭಕ್ತಿಯಿಂದ ಪಠಿಸುವವನಿಗೂ ಅವುಗಳನ್ನು ಸಾಹಿತ್ಯವೆಂದು ಅಭ್ಯಸಿಸುವವನಿಗೂ ಕೈಯಲ್ಲಿರುವ ಗ್ರಂಥ ಒಂದೇ. ಆ ಗ್ರಂಥಕ್ಕೆ ಅವರು ಕೇಳುವ ಪ್ರಶ್ನೆಗಳು ಬೇರೆ. ಈ ಮಾತು ತನ್ನ ಬಾಳಿಗೆ ಯಾವ ಬೆಳಕನ್ನು ಕೊಡುತ್ತದೆಯೆಂದು ಭಕ್ತನು ಕೇಳುತ್ತಾನೆ. ಈ ಮಾತು ಯಾರದು, ಯಾವ ಕಾಲದ್ದು, ಯಾವ ಪ್ರತಿಯಲ್ಲಿ ಹೇಗಿದೆಯೆಂದು ಅಭ್ಯಾಸಿಯು ಕೇಳುತ್ತಾನೆ. ಎರಡನೆಯ ಬಗೆಯ ಪ್ರಶ್ನೆಗಳಿಂದ ಶ್ರದ್ಧೆಗೆ ಕುಂದು ಬಂದೀತೆಂಬ ಅಳುಕು ಭಕ್ತವರ್ಗದಲ್ಲಿ ಆಗಾಗ ಕಾಣಿಸಿಕೊಳ್ಳುವುದುಂಟು. ಗದ್ದುಗೆ, ಕೆರೆ, ಜಾತ್ರೆಗಳ ಸುತ್ತ ಬೆಳೆದು ಬಂದ ಐತಿಹ್ಯವೆಲ್ಲ ಕಟ್ಟುಕಥೆಯೆಂದು ತಳ್ಳಿಹಾಕುವ ಆತುರವು ವಿದ್ಯಾರ್ಥಿವರ್ಗದಲ್ಲಿ ಕಾಣಿಸಿಕೊಳ್ಳುವುದುಂಟು. ಈ ಅಳುಕು, ಈ ಆತುರ ಎರಡೂ ಒಂದೇ ತಪ್ಪಿನಿಂದ ಹುಟ್ಟಿದವು. ಯಾವ ಸಾಕ್ಷಿಯಿಂದ ಯಾವ ಸಂಗತಿಯನ್ನು ಕೇಳಬೇಕು, ಯಾವುದನ್ನು ಕೇಳಬಾರದು ಎಂಬ ವಿವೇಚನೆ ಇಲ್ಲದಿರುವುದೇ ಆ ತಪ್ಪು.

ಖಾನಾಪುರ ತಾಲೂಕಿನ ಕಕ್ಕೇರಿ ಗ್ರಾಮದಲ್ಲಿ ಡೋಹರ ಕಕ್ಕಯ್ಯನವರ ಸಮಾಧಿಯಿದೆ. ಕಲ್ಯಾಣದಿಂದ ಉಳವಿಯ ಕಡೆಗೆ ಹೊರಟ ಶರಣಸಮೂಹವನ್ನು ರಕ್ಷಿಸುತ್ತ, ಬೆನ್ನಟ್ಟಿ ಬಂದವರೊಡನೆ ಹೋರಾಡಿ, ಅವರು ಇಲ್ಲಿಯೇ ಲಿಂಗೈಕ್ಯರಾದರೆಂಬುದು ಜನರ ನಂಬಿಕೆ. ಅವರ ಹೆಸರಿನಲ್ಲಿ ಉಳಿದು ಬಂದಿರುವ ವಚನಗಳು ಕೇವಲ ೬. ಅವುಗಳ ಅಂಕಿತ ‘ಅಭಿನವ ಮಲ್ಲಿಕಾರ್ಜುನ’. ತೊಗಲು ಹದಮಾಡುವ ಕಾಯಕದ ಈ ಶರಣರನ್ನು ತಿಳಿಯುವ ಬಗೆ ಯಾವುದು? ಆರು ವಚನಗಳನ್ನು ಮಾತ್ರ ನಂಬಬೇಕೆ? ಶಾಸನಕ್ಕಾಗಿ ಕಾಯಬೇಕೆ? ಕಕ್ಕೇರಿಯ ಜನರ ಮಾತನ್ನು ಹಾಗೆಯೇ ಸ್ವೀಕರಿಸಬೇಕೆ? ಇದು ಒಬ್ಬ ಶರಣರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಸಾಹಿತ್ಯಾಭ್ಯಾಸದ ಮಾರ್ಗಗಳಿಗೇ ಸಂಬಂಧಿಸಿದ್ದು. ಬೆಳಗಾವಿ ನಗರದಲ್ಲಿ ಮತ್ತು ಅದಕ್ಕೆ ಹೊಂದಿಕೊಂಡ ಸೀಮೆಯಲ್ಲಿ ಕಳೆದ ಒಂದೂವರೆ ಶತಮಾನದಲ್ಲಿ ನಡೆದ ವಿದ್ವತ್ಕಾರ್ಯವನ್ನು ಕ್ರಮವಾಗಿ ನೋಡಿದರೆ ಇದಕ್ಕೆ ಉತ್ತರ ದೊರೆಯುತ್ತದೆ.

೧. ಓಲೆಯಿಂದ ಅಚ್ಚಿಗೆ

ವಚನಗಳ ಆಧುನಿಕ ಅಧ್ಯಯನವು ಡಾ. ಫ. ಗು. ಹಳಕಟ್ಟಿಯವರಿಂದ ನೆಲೆಗೊಂಡಿತೆಂಬುದು ಸರ್ವವಿದಿತ. ೧೮೮೦ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು ಕಾನೂನು ಪದವಿ ಪಡೆದು, ಮೊದಲು ಬೆಳಗಾವಿಯಲ್ಲಿ ವಕೀಲಿ ವೃತ್ತಿಯನ್ನಾರಂಭಿಸಿ, ಬಳಿಕ ವಿಜಯಪುರದಲ್ಲಿ ನೆಲೆನಿಂತರು. ಮನೆಮನೆಗಳಲ್ಲಿ, ಮಠಗಳಲ್ಲಿ ಜಗಲಿಯ ಮೇಲೆ ಪೂಜೆಗೊಳ್ಳುತ್ತ, ಒಳಗೆ ಹುಳು ತಿನ್ನುತ್ತ ಬಿದ್ದಿದ್ದ ಓಲೆಯ ಕಟ್ಟುಗಳನ್ನು ಅವರು ಹುಡುಕಿ ತಂದು ಓದಿದರು. ಹೀಗೆ ಸಿದ್ಧಗೊಂಡ ‘ವಚನಶಾಸ್ತ್ರಸಾರ’ದ ಹಸ್ತಪ್ರತಿಯು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಹೋಗಿ, ಅಲ್ಲಿ ಅಚ್ಚಾಗದೆ ಹಿಂದಿರುಗಿತು. ಕೊನೆಗೆ ಅದರ ಮೊದಲ ಭಾಗವು ೧೯೨೩ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು. ಶರಣರ ನುಡಿಯು ಇಂಥ ವಿಸ್ತಾರದಲ್ಲಿ ಮೊದಲ ಸಲ ಅಚ್ಚಿನ ಮೊಳೆಗಳನ್ನು ಕಂಡದ್ದು ಈ ನಗರದಲ್ಲಿ. ತರುವಾಯ ೧೯೨೫ರಲ್ಲಿ ವಿಜಯಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯ, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭವಾದವು. ಅದೇ ವರ್ಷ ಬಳ್ಳಾರಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಹಳಕಟ್ಟಿಯವರು ಅಧ್ಯಕ್ಷರಾದರು.

ಆ ಗ್ರಂಥದ ಹೆಸರಿನಲ್ಲಿಯೇ ಅವರ ಮಾರ್ಗವು ಅಡಗಿದೆ. ‘ವಚನಕಾವ್ಯ’ವೆಂದಾಗಲಿ, ‘ವಚನಸಂಗ್ರಹ’ವೆಂದಾಗಲಿ ಅವರು ಹೆಸರಿಡಲಿಲ್ಲ, ‘ಶಾಸ್ತ್ರ’ವೆಂದರು. ಸಂಸ್ಕೃತದಲ್ಲಿಲ್ಲದ ಕಾರಣಕ್ಕಾಗಿಯೇ ವಚನಗಳನ್ನು ಶಾಸ್ತ್ರಪದವಿಗೆ ಅನರ್ಹವೆಂದು ಬಗೆಯುತ್ತಿದ್ದ ಕಾಲದಲ್ಲಿ, ಕನ್ನಡದ ಈ ನುಡಿಗಳಲ್ಲಿ ಒಂದು ಸುಸಂಗತವಾದ ತತ್ತ್ವವಿದೆಯೆಂದು ತೋರಿಸುವುದು ಅವರ ಉದ್ದೇಶವಾಗಿತ್ತು. ಆದುದರಿಂದ ಅವರು ವಚನಗಳನ್ನು ವಿಷಯಾನುಕ್ರಮವಾಗಿ ಜೋಡಿಸಿ, ಒಂದೊಂದು ತಲೆಬರಹದ ಕೆಳಗೆ ಹಲವು ಶರಣರ ಮಾತುಗಳನ್ನು ಒಟ್ಟುಗೂಡಿಸಿದರು. ಇದರಿಂದ ತತ್ತ್ವವು ಸ್ಪಷ್ಟವಾಯಿತು. ಆದರೆ ಒಬ್ಬೊಬ್ಬ ಶರಣರ ಸ್ವಂತ ದನಿಯು ಹಲವು ಪ್ರಕರಣಗಳಲ್ಲಿ ಹಂಚಿಹೋಯಿತು. ನೂರಾರು ವಚನಗಳನ್ನು ಬರೆದ ಮಹಾನುಭಾವರ ವ್ಯಕ್ತಿತ್ವಕ್ಕೆ ಇದರಿಂದ ಹೆಚ್ಚು ಬಾಧೆಯಿಲ್ಲ. ಆರೇ ವಚನಗಳುಳ್ಳ ಕಕ್ಕಯ್ಯನವರಂಥವರು ಮಾತ್ರ ಇಂಥ ಜೋಡಣೆಯಲ್ಲಿ ಓದುಗನ ಕಣ್ಣಿಗೆ ಬೀಳುವುದೇ ಕಷ್ಟ. ಇದು ಹಳಕಟ್ಟಿಯವರ ದೋಷವೆಂದು ಹೇಳಿದರೆ ಅನ್ಯಾಯವಾದೀತು. ಬಿದ್ದ ಮನೆಯಿಂದ ಮೊದಲು ಕಾಳನ್ನು ಹೊರತರಬೇಕು. ಹಸನು ಮಾಡುವ ಕೆಲಸ ಆಮೇಲಿನದು.

೨. ಪಾಠನಿರ್ಣಯದ ಶಿಸ್ತು

ಹಸನು ಮಾಡುವ ಆ ಕೆಲಸಕ್ಕೆ ಬೆಳಗಾವಿಯಿಂದಲೇ ಒಬ್ಬ ವಿದ್ವಾಂಸರು ದೊರೆತರು. ೧೯೧೬ರ ನವೆಂಬರ ೧೩ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಸ್ಥಾಪಿಸಿದ ಸಪ್ತರ್ಷಿಗಳಲ್ಲಿ ಒಬ್ಬರಾದ ಪ್ರೊ. ಶಿ. ಶಿ. ಬಸವನಾಳರು (೧೮೯೩–೧೯೫೧), ಆ ಸಂಸ್ಥೆಯು ೧೯೩೩ರಲ್ಲಿ ಆರಂಭಿಸಿದ ಲಿಂಗರಾಜ ಕಾಲೇಜಿನ ಪ್ರಾಚಾರ್ಯರಾಗಿದ್ದರು. ೧೯೫೦ರ ದಶಕದ ಆದಿಯಲ್ಲಿ ಪ್ರಕಟವಾದ, ಅವರು ಸಂಪಾದಿಸಿದ ಬಸವಣ್ಣನವರ ಷಟ್‌ಸ್ಥಲದ ವಚನಗಳ ಆವೃತ್ತಿಯು ವಚನಗಳ ಶಾಸ್ತ್ರೀಯ ಸಂಪಾದನೆಗೆ ಮೇಲ್ಪಂಕ್ತಿಯಾಯಿತು.

ಈ ಕಾರ್ಯದ ಕಷ್ಟವೇನೆಂಬುದನ್ನು ಓಲೆಗರಿಯನ್ನು ಕೈಯಲ್ಲಿ ಹಿಡಿದು ನೋಡದವರು ಊಹಿಸಲಾರರು. ಹಳೆಯ ಪ್ರತಿಗಳಲ್ಲಿ ಎಕಾರ ಒಕಾರಗಳ ಹ್ರಸ್ವದೀರ್ಘ ಭೇದವನ್ನು ಸಾಮಾನ್ಯವಾಗಿ ತೋರಿಸಿರುವುದಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳು ಒಂದರ ಸ್ಥಾನದಲ್ಲಿ ಮತ್ತೊಂದು ಬಂದಿರುತ್ತವೆ. ವಾಕ್ಯ ಮುಗಿಯುವಲ್ಲಿ ಗುರುತಿಲ್ಲದೆ ಬರಹವು ಒಂದೇ ಸಮನೆ ಸಾಗುತ್ತದೆ; ಒಂದು ವಚನ ಮುಗಿಯಿತೆಂಬುದಕ್ಕೆ ಅಂಕಿತವೇ ಮುಖ್ಯ ಆಧಾರ. ಅಂಕಿತದಲ್ಲಿಯೇ ಒಂದಕ್ಷರ ಬಿಟ್ಟುಹೋದರೆ ವಚನದ ಕರ್ತೃವೇ ಬದಲಾಗುತ್ತಾನೆ. ‘ಕೂಡಲಸಂಗಮದೇವ’ ಬಸವಣ್ಣನವರ ಅಂಕಿತ, ‘ಕೂಡಲಚೆನ್ನಸಂಗಮದೇವ’ ಚೆನ್ನಬಸವಣ್ಣನವರದು. ಇವುಗಳ ನಡುವಿನ ಅಂತರ ಎರಡೇ ಅಕ್ಷರ. ಲಿಪಿಕಾರನ ಕಣ್ಣು ಒಂದು ಗಳಿಗೆ ತಪ್ಪಿದರೆ ಸೋದರಮಾವನ ಮಾತು ಸೋದರಳಿಯನದಾಗುತ್ತದೆ. ಇದಲ್ಲದೆ ಹದಿನೈದು-ಹದಿನಾರನೆಯ ಶತಮಾನಗಳಲ್ಲಿ ವಚನಗಳನ್ನು ಸ್ಥಲಕಟ್ಟಿಗೆ ಅಳವಡಿಸಿದಾಗಲೂ, ಶೂನ್ಯಸಂಪಾದನೆಗಳ ಸಂವಾದಕ್ಕೆ ಹೊಂದಿಸಿದಾಗಲೂ ಕೆಲವು ಮಾತುಗಳು ಸೇರಿದವು, ಕೆಲವು ಸ್ಥಾನಪಲ್ಲಟಗೊಂಡವು. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರ ಸಿದ್ಧವೀರಣ್ಣೊಡೆಯನವರೆಗೆ ನಾಲ್ವರು ಶೂನ್ಯಸಂಪಾದನೆಯನ್ನು ಮತ್ತೆ ಮತ್ತೆ ಪರಿಷ್ಕರಿಸಿದರೆಂಬುದನ್ನು ಗಮನಿಸಿದರೆ ಈ ಚಲನೆಯ ಪ್ರಮಾಣವು ತಿಳಿಯುತ್ತದೆ.

ಇಂಥಲ್ಲಿ ಸಂಪಾದಕನ ಕರ್ತವ್ಯವು ತನಗೆ ಪ್ರಿಯವಾದ ಪಾಠವನ್ನು ಆರಿಸುವುದಲ್ಲ. ಹಲವು ಪ್ರತಿಗಳನ್ನು ಹೋಲಿಸಿ, ಅವುಗಳಲ್ಲಿ ಯಾವುದು ಯಾವುದರ ನಕಲೆಂದು ತಿಳಿದು, ಹಳೆಯದಾದ ಪಾಠವನ್ನು ಮೇಲಿಟ್ಟು, ಉಳಿದವುಗಳನ್ನು ಅಡಿಯಲ್ಲಿ ತೋರಿಸುವುದು. ಸಂಪಾದಕನು ತಪ್ಪಿದ್ದರೆ ಮುಂದಿನವನು ಅದನ್ನು ಕಂಡುಹಿಡಿಯಲು ಅನುಕೂಲವಾಗುವಂತೆ ದಾರಿಯನ್ನು ತೆರೆದಿಡುವುದು ಈ ಮಾರ್ಗದ ಮುಖ್ಯ ಗುಣ. ಶರಣರ ನುಡಿಗೆ ತನ್ನ ನುಡಿಯನ್ನು ಬೆರೆಸಲೊಲ್ಲದ ಈ ಎಚ್ಚರವೂ ಒಂದು ಬಗೆಯ ಭಕ್ತಿಯೇ. ಮುಂದೆ ಡಾ. ಆರ್. ಸಿ. ಹಿರೇಮಠ, ಡಾ. ಎಲ್. ಬಸವರಾಜು, ಪ್ರೊ. ಸಂ. ಶಿ. ಭೂಸನೂರಮಠ ಮೊದಲಾದವರು ಈ ಮಾರ್ಗವನ್ನು ವಿಸ್ತರಿಸಿದರು. ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು ೧೯೯೩ರಲ್ಲಿ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು ೧೫. ಅವುಗಳಲ್ಲಿ ೨೦,೦೦೦ಕ್ಕೂ ಮಿಕ್ಕಿದ ವಚನಗಳು ಶರಣರ ಹೆಸರುಗಳ ಕೆಳಗೆ ಬೇರೆ ಬೇರೆಯಾಗಿ ನಿಂತವು. ಮಹಾನುಭಾವರಿಗೆ ಒಂದೊಂದು ಸಂಪುಟವೇ ದೊರೆತರೆ, ಅಲ್ಪಸಂಖ್ಯೆಯ ವಚನಗಳುಳ್ಳವರಿಗೆ ಸಂಕೀರ್ಣ ಸಂಪುಟಗಳಲ್ಲಿ ತಮ್ಮದೇ ಹೆಸರಿನ ಸ್ಥಾನ ದೊರೆಯಿತು. ಕಕ್ಕಯ್ಯನವರ ಆರು ವಚನಗಳನ್ನು ಒಂದೆಡೆ ಓದಿ ಅವರ ದನಿಯನ್ನು ಕೇಳಲು ಸಾಧ್ಯವಾದದ್ದು ಇಂಥ ಸಂಪಾದನೆಯಿಂದ.

೩. ಅರ್ಥವನ್ನರಸುವ ಎರಡು ದಾರಿಗಳು

ಪಾಠವು ನಿಶ್ಚಯವಾದ ಬಳಿಕ ಅರ್ಥದ ಪ್ರಶ್ನೆ ಬರುತ್ತದೆ. ಇಲ್ಲಿಯೂ ಬೆಳಗಾವಿಗೆ ಸಂಬಂಧಿಸಿದ ಎರಡು ದಾರಿಗಳನ್ನು ಹೇಳಬೇಕು.

ಮೊದಲನೆಯದು ತತ್ತ್ವದ ದಾರಿ. ಸಪ್ತರ್ಷಿಗಳಲ್ಲಿ ಇನ್ನೊಬ್ಬರಾದ ಪ್ರೊ. ಎಂ. ಆರ್. ಸಾಖರೆಯವರು ನಂದಿಕೇಶ್ವರನ ‘ಲಿಂಗಧಾರಣಚಂದ್ರಿಕೆ’ಯನ್ನು ಸಂಪಾದಿಸಿ, ಅದಕ್ಕೆ ಸ್ವತಂತ್ರ ಗ್ರಂಥದಷ್ಟೇ ವಿಸ್ತಾರವಾದ ಇಂಗ್ಲಿಷ್ ಪೀಠಿಕೆಯನ್ನು ಬರೆದು ೧೯೪೨ರಲ್ಲಿ ಬೆಳಗಾವಿಯಿಂದ ಪ್ರಕಟಿಸಿದರು. ಅದೇ ೧೯೪೨ರಲ್ಲಿ ಡಾ. ಶಿ. ಚ. ನಂದೀಮಠರ ವೀರಶೈವ ಕೈಪಿಡಿಯು ಧಾರವಾಡದಿಂದ ಹೊರಬಿದ್ದಿತು. ಲಂಡನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿ ಬಂದ ನಂದೀಮಠರು ಸಂಸ್ಕೃತ ಮತ್ತು ಕನ್ನಡದ ಆಕರಗಳನ್ನು ಎದುರುಬದುರಾಗಿ ಇರಿಸಿ ನೋಡಿದರು. ಇಬ್ಬರ ಉದ್ದೇಶವೂ ಆಚಾರ-ಸಿದ್ಧಾಂತಗಳ ಸ್ವರೂಪನಿರ್ಣಯ. ಈ ದಾರಿಯಲ್ಲಿ ವಚನವು ಸಿದ್ಧಾಂತಕ್ಕೆ ಪ್ರಮಾಣವಾಗುತ್ತದೆ.

ಎರಡನೆಯದು ಕಾವ್ಯದ ದಾರಿ. ಬಸವನಾಳರು ಇಂಗ್ಲಿಷ್ ಅಧ್ಯಾಪಕರಾಗಿದ್ದ ಕೆ. ಆರ್. ಶ್ರೀನಿವಾಸ ಅಯ್ಯಂಗಾರರೊಡನೆ ಸೇರಿ ೧೯೪೦ರಲ್ಲಿಯೇ ಬಸವಣ್ಣನವರ ವಚನಗಳ ಇಂಗ್ಲಿಷ್ ರೂಪಾಂತರವನ್ನು ಪ್ರಕಟಿಸಿದ್ದರು. ಬಸವನಾಳರು ತೀರಿಕೊಂಡ ಮರುವರ್ಷ, ೧೯೫೨ರಲ್ಲಿ, ಎ. ಕೆ. ರಾಮಾನುಜನ್ ಎಂಬ ತರುಣರು ಲಿಂಗರಾಜ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕರಾಗಿ ಬಂದು ೧೯೫೭ರವರೆಗೆ ಬೆಳಗಾವಿಯಲ್ಲಿದ್ದರು. ಹೀಗೆ ಆ ಇಬ್ಬರು ಒಂದೇ ಕಾಲೇಜಿನಲ್ಲಿದ್ದೂ ಸಹೋದ್ಯೋಗಿಗಳಾಗಲಿಲ್ಲ. ಆದರೆ ೧೯೭೩ರಲ್ಲಿ ಪ್ರಕಟವಾಗಿ ವಚನಗಳಿಗೆ ಜಗತ್ತಿನಾದ್ಯಂತ ಓದುಗರನ್ನು ತಂದುಕೊಟ್ಟ ರಾಮಾನುಜನ್ನರ ಅನುವಾದಗ್ರಂಥ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ ಬಸವಣ್ಣನವರ ವಚನಗಳಿಗೆ ಆಧಾರವಾದದ್ದು ಬಸವನಾಳರ ಆವೃತ್ತಿ. ಪಾಠನಿರ್ಣಯಕ್ಕಾಗಿ ಒಬ್ಬರು ಪಟ್ಟ ಶ್ರಮವು ಇನ್ನೊಬ್ಬರ ರಸಗ್ರಹಣಕ್ಕೆ ತಳಹದಿಯಾಯಿತು.

ರಾಮಾನುಜನ್ನರು ಒಂದು ವಚನವನ್ನು ಬಿಡಿಯಾಗಿ ತೆಗೆದುಕೊಂಡು, ಅದರ ಒಳಗಿನ ಕಟ್ಟನ್ನು ನೋಡುತ್ತಾರೆ. ದೇಹವನ್ನೇ ದೇಗುಲವೆನ್ನುವ ಬಸವಣ್ಣನವರ ಪ್ರಸಿದ್ಧ ವಚನವನ್ನು ವಿವರಿಸುವಾಗ, ಸ್ಥಾವರ ಜಂಗಮಗಳೆಂಬ ಎರಡು ಮಾತುಗಳ ವಿರೋಧವು ಇಡೀ ವಚನವನ್ನು ಹೇಗೆ ಆಧರಿಸಿ ನಿಂತಿದೆಯೆಂಬುದನ್ನು ಅವರು ತೋರಿಸಿದ ಬಗೆಯು ಮೆಚ್ಚತಕ್ಕದ್ದು. ಈ ದಾರಿಯಲ್ಲಿಯೂ ನಷ್ಟವಿಲ್ಲದಿಲ್ಲ. ಷಟ್‌ಸ್ಥಲದ ಕ್ರಮದಿಂದ ಬಿಡಿಸಿ ತೆಗೆದ ವಚನವು ಸಾಧಕನ ಏರುವ ಮೆಟ್ಟಿಲಾಗಿ ಉಳಿಯದೆ, ಸ್ವತಂತ್ರವಾದ ಒಂದು ಭಾವಗೀತೆಯಂತೆ ಕಾಣತೊಡಗುತ್ತದೆ. ೧೯೯೨ರಲ್ಲಿ ತೇಜಸ್ವಿನಿ ನಿರಂಜನ ಅವರು ಈ ಅನುವಾದಮಾರ್ಗದ ಮೇಲೆ ತೀಕ್ಷ್ಣವಾದ ಆಕ್ಷೇಪವನ್ನೆತ್ತಿದರು. ತತ್ತ್ವದ ದಾರಿಯು ವಚನದ ನುಡಿಯನ್ನು ಮರೆತರೆ ಒಣಗುತ್ತದೆ. ಕಾವ್ಯದ ದಾರಿಯು ವಚನದ ನಡೆಯನ್ನು ಮರೆತರೆ ಬೇರುಕಿತ್ತು ಹೋಗುತ್ತದೆ. ನುಡಿ ನಡೆಗಳು ಒಂದಾಗಿರಬೇಕೆಂಬ ಶರಣರ ಮಾತು ಅವರನ್ನು ಅಭ್ಯಸಿಸುವವರಿಗೂ ಅನ್ವಯಿಸುತ್ತದೆ.

೪. ಕಲ್ಲಿನ ಮಾತು, ಕಲ್ಲಿನ ಮೌನ

ಗ್ರಂಥಸ್ಥ ಪಾಠಕ್ಕೆ ಹೊರಗಿನ ಸಾಕ್ಷಿ ಶಾಸನ. ಕನ್ನಡನಾಡಿನ ಶಾಸನಗಳನ್ನು ಓದಿ ಇತಿಹಾಸ ರಚಿಸಿದವರಲ್ಲಿ ಜೆ. ಎಫ್. ಫ್ಲೀಟರು ಅಗ್ರಗಣ್ಯರು. ಮುಂಬಯಿ ಪ್ರಾಂತದ ಅಧಿಕಾರಿಯಾಗಿ ಬಂದು ಕನ್ನಡವನ್ನು ಕಲಿತು, ಸವದತ್ತಿ-ಬೆಳಗಾವಿಗಳ ರಟ್ಟರ ಶಾಸನಗಳನ್ನು ಬೆಳಕಿಗೆ ತಂದವರು ಅವರು. ಅಬ್ಬಲೂರಿನ ಶಾಸನಗಳನ್ನು ೧೮೯೮–೯೯ರ ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಪ್ರಕಟಿಸುವಾಗ ಅವರು, ಶಾಸನಗಳಲ್ಲಿ ಏಕಾಂತದ ರಾಮಯ್ಯನ ವೃತ್ತಾಂತ ದೊರೆಯುತ್ತದೆ, ಬಸವಣ್ಣನವರದು ದೊರೆಯುವುದಿಲ್ಲ ಎಂಬುದರ ಮೇಲೆ ಒತ್ತುಕೊಟ್ಟು, ಆ ಕಾಲದ ಧಾರ್ಮಿಕ ಚಳವಳಿಯ ಮುಖ್ಯಸ್ಥಾನವನ್ನು ರಾಮಯ್ಯನಿಗೆ ಕೊಡಲು ಒಲಿದರು. ಅಂದಿಗೆ ದೊರೆತಿದ್ದ ಆಧಾರಗಳ ಮಟ್ಟಿಗೆ ಅದು ಅಪ್ರಾಮಾಣಿಕವಾದ ತರ್ಕವಲ್ಲ.

ಆದರೆ ಇಪ್ಪತ್ತನೆಯ ಶತಮಾನದಲ್ಲಿ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದ ಶಾಸನವು ವಿದ್ವಾಂಸರ ಗಮನಕ್ಕೆ ಬಂದಿತು. ಸೇವುಣರ ಕನ್ನರದೇವನ ಕಾಲದ, ಕ್ರಿ.ಶ. ೧೨೬೦ರ ಈ ಶಾಸನದಲ್ಲಿ ಬಾಗವಾಡಿಯ ಮಾದಿರಾಜನ ಮಗ ಬಸವರಾಜನ ಉಲ್ಲೇಖವಿದೆ. ಆ ವಂಶಕ್ಕೆ ಸೇರಿದ ಹಾಲಬಸವಿದೇವನ ಹೆಸರಿದೆ. ಬಿಜ್ಜಳನ ಆಳಿಕೆಯು ೧೧೬೭ರ ಸುಮಾರಿಗೆ ಮುಗಿಯಿತೆಂದು ಲೆಕ್ಕ ಹಾಕಿದರೆ, ಅದಾದ ನೂರು ವರ್ಷಗಳ ಒಳಗಿನ ಸಾಕ್ಷಿಯಿದು. ಫ್ಲೀಟರು ಕಲ್ಲಿನ ಮಾತನ್ನು ತಪ್ಪಾಗಿ ಓದಿದವರಲ್ಲ. ಕಲ್ಲಿನ ಮೌನಕ್ಕೆ ಅರ್ಥ ಹಚ್ಚುವಾಗ ಎಡವಿದವರು. ಶಾಸನವು ಹೇಳಿದ್ದನ್ನು ನಂಬಬಹುದು. ಶಾಸನವು ಹೇಳದೆ ಇದ್ದದ್ದು ನಡೆಯಲಿಲ್ಲವೆಂದು ನಂಬಲಾಗದು.

ಶಾಸನಗಳನ್ನು ಹಾಕಿಸುತ್ತಿದ್ದವರು ಯಾರು ಎಂಬುದನ್ನೂ ಇಲ್ಲಿ ನೆನೆಯಬೇಕು. ಭೂಮಿಯನ್ನು ದಾನ ಕೊಡುವ ಅರಸ, ದಂಡನಾಯಕ, ಸೆಟ್ಟಿ. ದಾನ ಪಡೆಯುವ ದೇವಾಲಯ, ಬಸದಿ, ಆಚಾರ್ಯ. ಕೊಡಲು ಭೂಮಿಯಿಲ್ಲದ, ಪಡೆಯಲು ಪೀಠವಿಲ್ಲದ ಕಾಯಕಜೀವಿಯ ಹೆಸರು ಕಲ್ಲಿಗೆ ಏರುವ ಸಂದರ್ಭವೇ ವಿರಳ. ಅರಸನ ವಿಷಯದಲ್ಲಿ ಶಾಸನದ ಮೌನವು ಅನುಮಾನಕ್ಕೆ ಎಡೆಮಾಡಿಕೊಟ್ಟೀತು. ಡೋಹರ ಕಕ್ಕಯ್ಯನವರ ವಿಷಯದಲ್ಲಿ ಅದೇ ಮೌನವು ಸಹಜವಾದದ್ದು.

೫. ಖಾನಾಪುರ ಸೀಮೆಯ ನೆನಪು

ಓಲೆಯಲ್ಲಿ ಕೊಂಚವೇ ಉಳಿದು, ಕಲ್ಲಿನಲ್ಲಿ ಉಳಿಯದೆ ಹೋದದ್ದು ನೆಲದ ನೆನಪಿನಲ್ಲಿ ಉಳಿಯಬಹುದು. ಆ ನೆನಪನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಅಳೆಯಲು ಖಾನಾಪುರ ತಾಲೂಕಿನಲ್ಲಿಯೇ ಎರಡು ಅಳತೆಗೋಲುಗಳಿವೆ. ಮಲಪ್ರಭೆಯು ಹುಟ್ಟುವುದು ಈ ತಾಲೂಕಿನ ಕಣಕುಂಬಿಯಲ್ಲಿ. ಅದು ಹರಿದು ಕೃಷ್ಣೆಯನ್ನು ಸೇರುವುದು ಬಸವಣ್ಣನವರ ಇಷ್ಟದೈವದ ನೆಲೆಯಾದ ಕೂಡಲಸಂಗಮದಲ್ಲಿ. ಶರಣರ ನಡೆಯನ್ನು ಕುರಿತ ಐತಿಹ್ಯಗಳು ಈ ಹೊಳೆಯ ದಂಡೆಯುದ್ದಕ್ಕೂ ಹಬ್ಬಿವೆ. ಮುಗುಟಖಾನ ಹುಬ್ಬಳ್ಳಿಯಲ್ಲಿ ಹೊಳೆಯ ನಡುವೆ ಗಂಗಾಂಬಿಕೆಯವರ ಐಕ್ಯಸ್ಥಳವಿದೆಯೆಂದು ಭಕ್ತರು ಪೂಜಿಸುತ್ತಾರೆ.

ಮೊದಲನೆಯ ಅಳತೆಗೋಲು ಹಲಸಿ. ಐದನೆಯ ಶತಮಾನದ ಆಸುಪಾಸಿನ ಕದಂಬರ ತಾಮ್ರಪಟಗಳು ಇಲ್ಲಿ ದೊರೆತಿವೆ. ಅವುಗಳಲ್ಲಿ ಈ ಊರಿನ ಹೆಸರು ‘ಪಲಾಶಿಕಾ’. ಮುಂದಿನ ಶಾಸನಗಳಲ್ಲಿ ಈ ನಾಡು ‘ಪಲಸಿಗೆ ಪನ್ನಿರ್ಚ್ಛಾಸಿರ’ವೆಂದು, ಆ ಬಳಿಕ ‘ಹಲಸಿಗೆ’ಯೆಂದು ಕಾಣಿಸುತ್ತದೆ. ಹಳಗನ್ನಡದ ಪಕಾರವು ನಡುಗನ್ನಡದಲ್ಲಿ ಹಕಾರವಾಗುವ ನಿಯಮವನ್ನು ವ್ಯಾಕರಣದಲ್ಲಿ ಓದಿದ ವಿದ್ಯಾರ್ಥಿಯು ಅದನ್ನು ಇಲ್ಲಿ ಊರಿನ ಹೆಸರಿನಲ್ಲಿಯೇ ಕಾಣಬಹುದು. ಜನರ ನಾಲಗೆಯು ಒಂದು ಹೆಸರನ್ನು ೧,೫೦೦ ವರ್ಷಗಳ ಕಾಲ ನಿಯಮಬದ್ಧವಾಗಿ ಕಾಪಾಡಬಲ್ಲದೆಂಬುದಕ್ಕೆ ಇದು ಸಾಕ್ಷಿ. ಆದರೆ ಈ ಹೆಸರಿನ ಅರಸುಮನೆತನ, ಆಳಿಕೆಯ ಕಾಲ, ದಾನದ ವಿವರ ಇವು ತಾಮ್ರಪಟಗಳಿಂದ ತಿಳಿದವೇ ಹೊರತು ನೆನಪಿನಿಂದ ತಿಳಿದವಲ್ಲ.

ಎರಡನೆಯದು ನಂದಗಡ. ಸಂಗೊಳ್ಳಿ ರಾಯಣ್ಣನನ್ನು ೧೮೩೧ರ ಜನವರಿ ೨೬ರಂದು ಗಲ್ಲಿಗೇರಿಸಿದ್ದು ಇಲ್ಲಿ. ಅವನು ಬೀಡಿಯ ಕಚೇರಿಯನ್ನು ಸುಟ್ಟದ್ದು, ಸೆರೆಸಿಕ್ಕಿದ್ದು ಮೊದಲಾದ ಸಂಗತಿಗಳಿಗೆ ಕಂಪನಿ ಸರಕಾರದ ಕಾಗದಪತ್ರಗಳಿವೆ. ಇವುಗಳ ಜೊತೆಗೆ ಲಾವಣಿಗಳೂ ಇವೆ. ಕಲ್ಲಿನ ಮಾತನ್ನೇ ನಂಬಿದ ಆ ಫ್ಲೀಟರೇ ೧೮೮೦ರ ದಶಕದಲ್ಲಿ ರಾಯಣ್ಣನ ಲಾವಣಿಯನ್ನು ಜನರ ಬಾಯಿಂದ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದರೆಂಬುದು ಗಮನಾರ್ಹ. ಕಾಗದವನ್ನೂ ಲಾವಣಿಯನ್ನೂ ಅಕ್ಕಪಕ್ಕದಲ್ಲಿ ಇರಿಸಿದರೆ, ಜನರ ನೆನಪಿನ ಗುಣವು ಸ್ಪಷ್ಟವಾಗುತ್ತದೆ. ಯಾರು, ಎಲ್ಲಿ, ಯಾರ ವಿರುದ್ಧ ಎಂಬುದನ್ನು ನೆನಪು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ತಾರೀಖು, ಸಂಖ್ಯೆ, ಆಡಿದ ಮಾತು ಇವುಗಳಲ್ಲಿ ಸಡಿಲವಾಗುತ್ತದೆ. ಸರಕಾರದ ಕಾಗದದಲ್ಲಿ ಬಂಡುಕೋರನಾದವನು ಲಾವಣಿಯಲ್ಲಿ ವೀರನಾಗುತ್ತಾನೆ. ಜನರು ಅವನನ್ನು ಹ್ಯಾಗೆ ಕಂಡರೆಂಬುದನ್ನು ಕಾಗದವು ಹೇಳಲಾರದು. ಅದನ್ನು ಲಾವಣಿಯಿಂದಲೇ ತಿಳಿಯಬೇಕು. ರಾಮಾನುಜನ್ನರು ಬೆಳಗಾವಿಯಲ್ಲಿದ್ದಾಗ ಈ ಭಾಗದ ಕತೆಗಳನ್ನು ಮನೆಗಳಿಗೆ ಹೋಗಿ ಕೇಳಿ ಬರೆದುಕೊಂಡದ್ದು ಇದೇ ಕಾರಣದಿಂದ. ಬಾಯಿಮಾತು ಗ್ರಂಥಕ್ಕಿಂತ ಕೀಳಾದ ಆಕರವಲ್ಲ, ಬೇರೆ ಬಗೆಯ ಆಕರವೆಂಬುದನ್ನು ಅವರು ಕಂಡುಕೊಂಡಿದ್ದರು.

೬. ಕಕ್ಕೇರಿಯ ಪ್ರಶ್ನೆ

ಈ ಅಳತೆಗೋಲುಗಳನ್ನು ಹಿಡಿದು ಕಕ್ಕೇರಿಗೆ ಬಂದರೆ ಏನು ಕಾಣುತ್ತದೆ?

ಗ್ರಂಥಗಳ ಸಾಕ್ಷಿಯನ್ನು ಮೊದಲು ನೋಡಬೇಕು. ಬಸವಣ್ಣನವರಿಗೆ ಕಾಲದಲ್ಲಿ ಸಮೀಪನಾದ ಹರಿಹರನ ‘ಬಸವರಾಜದೇವರ ರಗಳೆ’ಯ ೧೩ ಸ್ಥಲಗಳು ಮಾತ್ರ ದೊರೆತಿವೆ, ಅದರ ಕೊನೆಯ ಭಾಗವಿಲ್ಲ. ಆದುದರಿಂದ ಕಲ್ಯಾಣದ ಕಡೆಯ ದಿನಗಳ ಬಗೆಗೆ ಆ ಕೃತಿಯನ್ನು ಕೇಳುವಂತಿಲ್ಲ. ಚೆನ್ನಬಸವಣ್ಣನವರ ಉಳವಿಯ ಪ್ರಯಾಣವನ್ನು ವಿಸ್ತರಿಸುವ ಪುರಾಣಗಳು ಬಹಳ ತಡವಾಗಿ ಬಂದವು. ವಿರೂಪಾಕ್ಷ ಪಂಡಿತನ ‘ಚೆನ್ನಬಸವ ಪುರಾಣ’ದ ಕಾಲ ೧೫೮೪, ಅಂದರೆ ಘಟನೆಗೆ ನಾಲ್ಕು ನೂರು ವರ್ಷಗಳ ತರುವಾಯ.

ಶಾಸನಗಳ ಸಾಕ್ಷಿ ನೇರವಾಗಿಲ್ಲ. ಆದರೆ ಒಂದು ಪರೋಕ್ಷ ಸಂಗತಿಯಿದೆ. ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಹಲಸಿಗೆ ನಾಡು ಗೋವೆಯ ಕದಂಬರ ಕೈಯಲ್ಲಿತ್ತು. ಹಲಸಿಯಲ್ಲಿರುವ ೧೧೬೯ರ ಶಾಸನವು ಶಿವಚಿತ್ತ ಪೆರ್ಮಾಡಿಯ ಕಾಲದ್ದು. ಕಲ್ಯಾಣದಲ್ಲಿ ಕಳಚುರಿಗಳ ಆಳಿಕೆಯಿದ್ದಾಗ ಈ ಕಾಡುನಾಡಿನಲ್ಲಿ ಬೇರೊಂದು ಅರಸುಮನೆತನವಿತ್ತು. ಕಲ್ಯಾಣದಿಂದ ತಪ್ಪಿಸಿಕೊಂಡು ಹೊರಟವರು ಪಶ್ಚಿಮಕ್ಕೆ, ಸಹ್ಯಾದ್ರಿಯ ಸೆರಗಿಗೆ ಬಂದರೆಂಬ ಐತಿಹ್ಯವು ಅಂದಿನ ರಾಜಕೀಯ ಭೂಗೋಳಕ್ಕೆ ವಿರುದ್ಧವಾಗಿಲ್ಲ, ಅದಕ್ಕೆ ಹೊಂದುತ್ತದೆ. ಹೊಂದುವುದು ಸಿದ್ಧವಾದಂತಲ್ಲ. ಸಂಭವನೀಯವೆಂಬಷ್ಟನ್ನೇ ಇದರಿಂದ ಹೇಳಬಹುದು.

ಊರಿನ ಹೆಸರಿನ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಕಕ್ಕಯ್ಯನವರಿಂದಲೇ ಕಕ್ಕೇರಿಯೆಂಬ ಹೆಸರು ಬಂದಿತೆಂದು ಜನರು ಹೇಳುತ್ತಾರೆ. ಕನ್ನಡದಲ್ಲಿ ‘ಕಕ್ಕೆ’ಯೆಂಬುದು ಹಳದಿ ಹೂಗಳ ಒಂದು ಮರದ ಹೆಸರೂ ಆಗಿದೆ, ಗಿಡಮರಗಳಿಂದ ಊರುಗಳಿಗೆ ಹೆಸರು ಬರುವುದು ಕನ್ನಡನಾಡಿನಲ್ಲಿ ಸಾಮಾನ್ಯ. ಹಲಸಿಯ ಹೆಸರಿಗೆ ಇರುವಂತೆ ಹಳೆಯ ರೂಪಗಳ ಸರಣಿ ದೊರೆಯುವವರೆಗೆ ಹೆಸರಿನ ಮೇಲೆ ಇತಿಹಾಸವನ್ನು ಕಟ್ಟುವುದು ಮರಳಿನ ಮೇಲೆ ಗುಡಿ ಕಟ್ಟಿದಂತೆ. ಹೆಸರಿನ ವ್ಯುತ್ಪತ್ತಿಯು ಬಿದ್ದುಹೋದರೆ ಸಮಾಧಿಯ ಐತಿಹ್ಯವೂ ಬಿದ್ದುಹೋಗುತ್ತದೆಯೆಂದು ಭಯಪಡಬೇಕಾದದ್ದಿಲ್ಲ. ಅವೆರಡು ಬೇರೆ ಬೇರೆ ಸಂಗತಿಗಳು.

ಇನ್ನು ಉಳಿದದ್ದು ವಚನಗಳ ಸಾಕ್ಷಿ, ಅದೇ ಎಲ್ಲಕ್ಕೂ ಬಲವಾದದ್ದು. ಬಸವಣ್ಣನವರು ತಮ್ಮ ಕುಲವನ್ನು ಹೇಳಿಕೊಳ್ಳುವ ವಚನಗಳಲ್ಲಿ ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ಹೆತ್ತವರ, ಹಿರಿಯರ ಸ್ಥಾನದಲ್ಲಿಟ್ಟು ನಮಿಸುತ್ತಾರೆ. ಮಂತ್ರಿಪದವಿಯಲ್ಲಿದ್ದವರೊಬ್ಬರು ತೊಗಲು ಹದಮಾಡುವವರೊಬ್ಬರನ್ನು ತಮ್ಮ ಮನೆತನದ ಹಿರಿಯರೆಂದು ಸಾರಿದ ಈ ಮಾತುಗಳು ಬಸವನಾಳರಂಥವರ ಪಾಠಪರಿಷ್ಕರಣವನ್ನು ದಾಟಿ ನಿಂತಿವೆ. ಯಾವ ಶಿಲಾಶಾಸನವೂ ಇದಕ್ಕಿಂತ ಹೆಚ್ಚಿನ ಗೌರವವನ್ನು ಕಕ್ಕಯ್ಯನವರಿಗೆ ತರಲಾರದು.

ಅವರದೇ ಆರು ವಚನಗಳಲ್ಲಿ ಒಂದು ಎಲ್ಲರೂ ಓದಬೇಕಾದದ್ದು. ಕೀಳೆಂದು ಜನರು ಕರೆವ ಕುಲದಲ್ಲಿ ಹುಟ್ಟಿಸಿದೆಯೆಂದು ಲಿಂಗತಂದೆಯ ಮುಂದೆ ನೊಂದು, ಕೈ ಮುಟ್ಟಬಾರದಾದರೆ ಮನ ಮುಟ್ಟಬಾರದೆ ಎಂದು ಅವರು ಅಲ್ಲಿ ಕೇಳುತ್ತಾರೆ. ಇದು ವೀರಾವೇಶದ ಮಾತಲ್ಲ. ನೋವನ್ನು ಮುಚ್ಚಿಡದೆ, ಆದರೆ ನೋವಿಗೆ ಸೋಲದೆ ಆಡಿದ ಮಾತು. ಕೈಗೆ ಹಾಕಿದ ಕಟ್ಟನ್ನು ಮನಸ್ಸು ದಾಟಬಲ್ಲದೆಂಬ ತಿಳಿವು ಆ ಒಂದು ಪ್ರಶ್ನೆಯಲ್ಲಿದೆ. ಐತಿಹ್ಯದಲ್ಲಿ ಕಾಣುವ ಕಕ್ಕಯ್ಯ ಖಡ್ಗ ಹಿಡಿದ ವೀರ. ವಚನದಲ್ಲಿ ಕಾಣುವ ಕಕ್ಕಯ್ಯ ಮುಟ್ಟುವ ಹಕ್ಕನ್ನು ಕೇಳುವ ಶರಣ. ಮೊದಲನೆಯ ಚಿತ್ರವನ್ನು ಮಾತ್ರ ಪೂಜಿಸಿದರೆ ಎರಡನೆಯವನ ದನಿ ಜಾತ್ರೆಯ ಗದ್ದಲದಲ್ಲಿ ಅಡಗಿಹೋಗುತ್ತದೆ. ಎರಡನೆಯದನ್ನು ಮಾತ್ರ ಓದಿದರೆ, ಓಲೆಯನ್ನೂ ಓದಲಾರದ, ಶಾಸನವನ್ನೂ ಹಾಕಿಸಲಾರದ ಸಾಮಾನ್ಯ ಜನರು ತಲೆತಲಾಂತರದಿಂದ ಒಂದು ಸ್ಥಳವನ್ನು ಕಾಯ್ದುಕೊಂಡು ಬಂದ ನಿಷ್ಠೆಗೆ ಬೆಲೆಯಿಲ್ಲದಂತಾಗುತ್ತದೆ.

ಆದುದರಿಂದ ಮೂರು ಸಾಕ್ಷಿಗಳಿಗೂ ಅವುಗಳ ಅಧಿಕಾರದ ಮೇರೆಯನ್ನು ಗೊತ್ತುಮಾಡುವುದೇ ಯುಕ್ತವಾದ ಮಾರ್ಗ. ಶರಣನು ಏನನ್ನು ಹೇಳಿದನೆಂಬುದಕ್ಕೆ ಪರಿಷ್ಕೃತ ಪಾಠವೇ ಪ್ರಮಾಣ. ಅಲ್ಲಿ ಐತಿಹ್ಯಕ್ಕೆ ಎಡೆಯಿಲ್ಲ. ಕಾಲ, ವಂಶ, ಆಳಿಕೆಗಳ ನಿರ್ಣಯಕ್ಕೆ ಶಾಸನ ಪ್ರಮಾಣ. ಅದರ ಮೌನ ಮಾತ್ರ ಪ್ರಮಾಣವಲ್ಲ. ಶರಣನನ್ನು ಜನರು ಯಾವ ರೀತಿಯಲ್ಲಿ ತಮ್ಮವನೆಂದು ತಿಳಿದರು, ಎಲ್ಲಿ ನೆನೆದರು ಎಂಬುದಕ್ಕೆ ನೆಲದ ನೆನಪೇ ಪ್ರಮಾಣ. ಅದರಿಂದ ತಾರೀಖನ್ನು ಕೇಳಬಾರದು. ಈ ಮೇರೆಗಳನ್ನು ಮೀರಿದಾಗಲೇ ವಿವಾದ ಹುಟ್ಟುತ್ತದೆ. ಮೇರೆಗಳೊಳಗೆ ನಿಂತಾಗ ಮೂರೂ ಒಂದನ್ನೊಂದು ಪೋಷಿಸುತ್ತವೆ.

ಇಂದು ವಚನಗಳ ಒಂದೊಂದು ಪದವನ್ನೂ ಗಣಕಯಂತ್ರದಲ್ಲಿ ಕ್ಷಣಾರ್ಧದಲ್ಲಿ ಹುಡುಕಬಹುದಾಗಿದೆ. ಕಕ್ಕಯ್ಯನವರ ಹೆಸರು ಯಾವ ಯಾವ ಶರಣರ ವಚನಗಳಲ್ಲಿ ಬಂದಿದೆಯೆಂದು ತಿಳಿಯಲು ಹಿಂದಿನವರು ವರ್ಷಗಟ್ಟಲೆ ಓಲೆ ತಿರುವಬೇಕಾಗಿತ್ತು. ಈ ಅನುಕೂಲವಿರುವ ವಿದ್ಯಾರ್ಥಿಯು ಬೆಳಗಾವಿಯಿಂದ ಅರ್ಧ ದಿನ ಬಿಡುವು ಮಾಡಿಕೊಂಡು, ಆ ಆರು ವಚನಗಳ ಪ್ರತಿಯೊಡನೆ ಕಕ್ಕೇರಿಗೆ ಹೋಗಿ, ಅಲ್ಲಿಯ ಹಿರಿಯರು ಹೇಳುವುದನ್ನು ತಾಳ್ಮೆಯಿಂದ ಕೇಳಿ, ಕೇಳಿದಂತೆಯೇ ಬರೆದಿಟ್ಟುಕೊಳ್ಳಬೇಕು. ಸಮಾಧಿಗೆ ನಡೆದುಕೊಳ್ಳುವ ಭಕ್ತನು ಹೂ ಏರಿಸಿದ ಬಳಿಕ ಆ ಆರರಲ್ಲಿ ಒಂದನ್ನಾದರೂ ಓದಬೇಕು. ಕೈ ಮುಟ್ಟದಿದ್ದರೆ ಮನ ಮುಟ್ಟಬಾರದೆ ಎಂದು ಕೇಳಿದವರಿಗೆ ಇಬ್ಬರೂ ಕೊಡಬಹುದಾದ ಉತ್ತರ ಅದು.